ಟಂಕಸಾಲೆ ಇಲ್ಲದ ನಾಡಿನ ಹಣ: ಮಧ್ಯಯುಗದ ಜಪಾನಿನ ನಾಣ್ಯಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾಣ್ಯ ಸಂಗ್ರಹಿಸುವ ಗೆಳೆಯರು, ಇತಿಹಾಸ ಓದುವ ಹುಡುಗರು ಮಾತಿನ ನಡುವೆಯೂ ಪತ್ರಗಳಲ್ಲೂ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇವು. ಅವರು ಕೇಳಿದ ಹಾಗೆಯೇ ಇಟ್ಟಿದ್ದೇನೆ. ಸುಲಭದವು ಮೊದಲು, ಸ್ವಲ್ಪ ಆಳಕ್ಕಿಳಿಯುವವು ಆಮೇಲೆ. ಯಾವುದನ್ನು ಬೇಕಾದರೂ ಬಿಡಿಯಾಗಿ ಓದಬಹುದು.

## ಮೊದಲ ಪರಿಚಯ

ಮಧ್ಯಯುಗದ ಜಪಾನ್ ಅಂದ್ರೆ ಯಾವ ಕಾಲ? ಆಗ ಅಲ್ಲಿ ಯಾವ ನಾಣ್ಯ ನಡೀತಿತ್ತು?

ಸುಮಾರಾಗಿ 12ನೇ ಶತಮಾನದ ಕೊನೆಯಿಂದ 16ನೇ ಶತಮಾನದ ಕೊನೆಯವರೆಗೆ. ಮೊದಲು ಕಾಮಾಕುರಾದ ಸೇನಾಧಿಪತಿಗಳ ಆಳ್ವಿಕೆ, ಆಮೇಲೆ ಕ್ಯೋಟೋದಲ್ಲಿ ಅಶಿಕಾಗಾ ಮನೆತನದ ಮುರೊಮಾಚಿ ಆಳ್ವಿಕೆ, ಕೊನೆಗೆ ಊರಿಗೊಬ್ಬ ದೊರೆ ಕಾದಾಡಿದ ಕಾಲ.

ಈ ನಾನೂರು ವರ್ಷ ಅಲ್ಲಿನ ಸಂತೆಗಳಲ್ಲಿ ಓಡಾಡಿದ್ದು ಚೀನಾದ ತಾಮ್ರದ ನಾಣ್ಯ. ಜಪಾನಿನ ಯಾವ ಸರ್ಕಾರವೂ ಆಗ ಸ್ವಂತ ತಾಮ್ರದ ನಾಣ್ಯ ಹೊರಡಿಸಲಿಲ್ಲ. ಬೇರೆ ದೇಶದ ರಾಜರ ಹೆಸರು ಹೊತ್ತ ಹಳೇ ನಾಣ್ಯವನ್ನೇ ಜನ ತಮ್ಮದು ಮಾಡಿಕೊಂಡರು. ತೆರಿಗೆ, ಕೂಲಿ, ಸಾಲ, ಹರಕೆ ಎಲ್ಲಕ್ಕೂ ಅದೇ. ಈ ವಿಷಯ ನನ್ನನ್ನು ಹಿಡಿದಿಟ್ಟಿದ್ದೇ ಈ ಕಾರಣಕ್ಕೆ. ರಾಜಮುದ್ರೆಯ ಬಲ ಇಲ್ಲದೆ, ಎದುರಿಗಿರುವವರು ತಗೋತಾರೆ ಅನ್ನುವ ನಂಬಿಕೆಯ ಮೇಲೇ ಒಂದು ನಾಡಿನ ವ್ಯಾಪಾರ ನಿಂತಿತ್ತು.

ಜಪಾನಿಗೆ ಅದಕ್ಕೂ ಮೊದಲು ಸ್ವಂತ ನಾಣ್ಯ ಇತ್ತಲ್ವಾ? ಅದ್ಯಾಕೆ ನಿಂತುಹೋಯ್ತು?

ಇತ್ತು. 7ನೇ ಶತಮಾನದ ಕೊನೆಯ ಫುಹೊನ್ ನಾಣ್ಯಗಳು ನಾರಾ ಬಳಿಯ ಅಸುಕಾಯಿಕೆ ಎಂಬಲ್ಲಿ ಸಿಕ್ಕಿವೆ. 708ರಲ್ಲಿ ಮುಸಾಶಿ ಪ್ರಾಂತ್ಯದ ಚಿಚಿಬುವಿನಿಂದ ಆಸ್ಥಾನಕ್ಕೆ ತಾಮ್ರ ಬಂತು. ಅದೇ ವರ್ಷ ವಾದೋ ಕೈಚಿನ್ ಎಂಬ ನಾಣ್ಯ ಹೊರಟಿತು. ಅಲ್ಲಿಂದ 958ರವರೆಗೆ ಒಟ್ಟು ಹನ್ನೆರಡು ಬಗೆಯ ತಾಮ್ರದ ನಾಣ್ಯಗಳನ್ನು ಆಸ್ಥಾನ ಬಿಡುಗಡೆ ಮಾಡಿತು.

ಕೆಟ್ಟದ್ದು ಎಲ್ಲಿ ಅಂದರೆ, ಹೊಸ ನಾಣ್ಯ ಬಂದಾಗಲೆಲ್ಲ ‘ಇದೊಂದು ಹಳೆಯ ಹತ್ತಕ್ಕೆ ಸಮ’ ಅಂತ ಆಜ್ಞೆ ಹೊರಡುತ್ತಿತ್ತು. ಆದರೆ ನಾಣ್ಯ ಮಾತ್ರ ಬರಬರುತ್ತಾ ಸಣ್ಣದಾಯಿತು. ತಾಮ್ರ ಕಮ್ಮಿ, ಸೀಸ ಜಾಸ್ತಿ. ನಿನ್ನೆ ಕೂಡಿಟ್ಟ ಹತ್ತು ಇವತ್ತು ಒಂದಾಗುತ್ತದೆ ಅಂದರೆ ಯಾರು ಕೂಡಿಡುತ್ತಾರೆ? 11ನೇ ಶತಮಾನ ಶುರುವಾಗುವ ಹೊತ್ತಿಗೆ ಜನ ನಾಣ್ಯ ಮುಟ್ಟುವುದನ್ನೇ ಬಿಟ್ಟು ಅಕ್ಕಿ, ರೇಷ್ಮೆ, ಬಟ್ಟೆಗಳಲ್ಲಿ ಲೆಕ್ಕ ಮಾಡತೊಡಗಿದರು.

ನಾಣ್ಯದ ಮಧ್ಯೆ ಚೌಕದ ತೂತು ಯಾಕೆ?

ಎರಡು ಕೆಲಸಕ್ಕೆ. ಎರಕ ಹೊಯ್ದ ನಾಣ್ಯದ ಅಂಚು ಒರಟಾಗಿರುತ್ತದೆ. ಚೌಕದ ಸರಳಿಗೆ ಸಾಲಾಗಿ ಪೋಣಿಸಿ ಅರ ಹಾಕಿದರೆ ನಾಣ್ಯ ತಿರುಗದೆ ನಿಲ್ಲುತ್ತದೆ, ಎಲ್ಲದರ ಅಂಚೂ ಒಟ್ಟಿಗೆ ನಯವಾಗುತ್ತದೆ. ಆಮೇಲೆ ಹುಲ್ಲಿನ ಹಗ್ಗಕ್ಕೆ ಸರ ಮಾಡಿ ಕಟ್ಟಿಡಲೂ ಅದೇ ತೂತು.

ಒಂದು ನಾಣ್ಯ ಅಂದರೆ ಒಂದು ಮೋನ್. ಸಾವಿರ ಮೋನ್ ಸೇರಿದರೆ ಒಂದು ಕಾನ್. ನೂರರ ಸರದಲ್ಲಿ ಸಾಮಾನ್ಯವಾಗಿ 97 ನಾಣ್ಯ ಮಾತ್ರ ಇರುತ್ತಿದ್ದವು, ಆದರೂ ಅದು ನೂರು ಅಂತಲೇ ನಡೆಯುತ್ತಿತ್ತು. ಇದು ಮೋಸ ಅಲ್ಲ, ಎಲ್ಲರೂ ಒಪ್ಪಿಕೊಂಡ ಪದ್ಧತಿ. ಸರ ಬಿಚ್ಚಿದರೆ ಮಾತ್ರ ಮೂರು ನಾಣ್ಯದ ನಷ್ಟ. ಹಾಗಾಗಿ ಕಟ್ಟಿದ ಸರ ಕಟ್ಟಿದ ಹಾಗೇ ಕೈಯಿಂದ ಕೈಗೆ ಹೋಗುತ್ತಿತ್ತು.

ಒಂದು ಮೋನ್‌ಗೆ ಏನು ಸಿಗ್ತಿತ್ತು?

ಒಂದು ಬಟ್ಟಲು ಚಹಾ. ಕ್ಯೋಟೋದ ತೋಜಿ ದೇವಾಲಯದ ದಕ್ಷಿಣ ಬಾಗಿಲಲ್ಲಿ ‘ಬಟ್ಟಲಿಗೊಂದು ಕಾಸು’ ಅಂತ ಚಹಾ ಮಾರುವವರು ಕೂರುತ್ತಿದ್ದರು. 1403ರಲ್ಲಿ ಅವರು ದೇವಾಲಯಕ್ಕೆ ಬರೆದುಕೊಟ್ಟ ಮುಚ್ಚಳಿಕೆ ಉಳಿದಿದೆ. ಗುಡಿಯ ಒಳಗೆ ಚಹಾದ ಸಾಮಾನು ಇಡುವುದಿಲ್ಲ, ದೇವರ ಮುಂದಿನ ಬೆಂಕಿ ಒಲೆಗೆ ತರುವುದಿಲ್ಲ, ಪೂಜೆಯ ಬಾವಿಯ ನೀರು ಸೇದುವುದಿಲ್ಲ ಅಂತ ಅದರಲ್ಲಿದೆ. ಅಷ್ಟು ದಿನ ಇದೆಲ್ಲ ಮಾಡುತ್ತಿದ್ದರು ಅಂತಲೇ ಅರ್ಥ, ಅಲ್ವಾ?

ಅದೇ ಶತಮಾನದಲ್ಲಿ ಕ್ಯೋಟೋದ ಬಡಗಿಗೆ ದಿನಕ್ಕೆ 100ರಿಂದ 110 ಮೋನ್ ಕೂಲಿ. ಒಂದು ಕೊಕು ಅಕ್ಕಿ, ಅಂದರೆ ಒಬ್ಬ ಮನುಷ್ಯನಿಗೆ ಹೆಚ್ಚುಕಮ್ಮಿ ವರ್ಷಕ್ಕೆ ಸಾಕಾಗುವಷ್ಟು ಅಕ್ಕಿಗೆ ಒಂದು ಕಾನ್ ಅನ್ನುವುದು ಒರಟು ಲೆಕ್ಕ. ಸುಗ್ಗಿಯಲ್ಲಿ ಕಮ್ಮಿ, ಬರದಲ್ಲಿ ಬಹಳ ಜಾಸ್ತಿ.

## ನಾಣ್ಯ ಬಂದ ದಾರಿ, ಓಡಾಡಿದ ದಾರಿ

ಚೀನಾದ ನಾಣ್ಯ ಅಲ್ಲಿಗೆ ಬಂದಿದ್ದು ಹೇಗೆ? ಯಾರು ತಂದ್ರು, ಎಷ್ಟು ತಂದ್ರು?

ವ್ಯಾಪಾರಿ ಹಡಗುಗಳಲ್ಲಿ ಬಂತು. ಚೀನಾದ ನಿಂಗ್ಬೋ ಬಂದರಿನಿಂದ ಹೊರಟು ಕ್ಯುಶು ದ್ವೀಪದ ಹಕಾತಾಕ್ಕೆ. 12ನೇ ಶತಮಾನದಲ್ಲಿ ಆಸ್ಥಾನದಲ್ಲಿ ಪ್ರಬಲನಾಗಿದ್ದ ಯೋಧ ನಾಯಕ ತೈರಾ ನೊ ಕಿಯೊಮೊರಿ ಈ ವ್ಯಾಪಾರಕ್ಕೆ ಒತ್ತು ಕೊಟ್ಟು ಈಗಿನ ಕೋಬೆಯಲ್ಲಿದ್ದ ಓವಾದಾ ಬಂದರನ್ನು ಸರಿಪಡಿಸಿದ.

ಚೀನಾದಲ್ಲಿ ನಾಣ್ಯಕ್ಕೆ ಬರವೇ ಇರಲಿಲ್ಲ. ಉತ್ತರ ಸೊಂಗ್ ಆಳ್ವಿಕೆಯಲ್ಲಿ, 1080ರ ಸುಮಾರಿಗೆ, ವರ್ಷಕ್ಕೆ 50 ಲಕ್ಷ ಸರಕ್ಕಿಂತ ಜಾಸ್ತಿ ಎರಕ ಹೊಯ್ಯುತ್ತಿದ್ದರು. ಒಂದು ಸರ ಅಂದರೆ ಲೆಕ್ಕಕ್ಕೆ ಸಾವಿರ ನಾಣ್ಯ. ಆಮೇಲೆ ಬಂದ ದಕ್ಷಿಣ ಸೊಂಗ್ ಸರ್ಕಾರ ನಾಣ್ಯ ಹೊರಗೆ ಹೋಗುವುದನ್ನು ನಿಷೇಧಿಸಿತು, ಕಳ್ಳಸಾಗಣೆ ನಿಲ್ಲಲಿಲ್ಲ. ಮಂಗೋಲರು ಕಾಗದದ ಹಣವನ್ನು ದಕ್ಷಿಣ ಚೀನಾಕ್ಕೂ ತಂದ ಮೇಲಂತೂ ಅಲ್ಲಿ ಬೇಡವಾದ ನಾಣ್ಯ ಜಪಾನಿಗೆ ಹರಿದುಬಂತು.

ಪ್ರಮಾಣ ಎಷ್ಟು ಅನ್ನುವುದಕ್ಕೆ ಒಂದೇ ಹಡಗು ಸಾಕು. 1323ರಲ್ಲಿ ನಿಂಗ್ಬೋದಿಂದ ಹಕಾತಾಕ್ಕೆ ಹೊರಟ ಹಡಗೊಂದು ಕೊರಿಯಾದ ಸಿನಾನ್ ಬಳಿ ಮುಳುಗಿತು. 1970ರ ದಶಕದಲ್ಲಿ ಮೀನುಗಾರರ ಬಲೆಗೆ ಪಿಂಗಾಣಿ ಸಿಕ್ಕಿ ಸುದ್ದಿಯಾಯಿತು. ಹಡಗಿನ ತಳದಲ್ಲಿ ಸುಮಾರು 28 ಟನ್ ನಾಣ್ಯ ಇತ್ತು, ಹತ್ತಿರ ಹತ್ತಿರ 80 ಲಕ್ಷ ನಾಣ್ಯ. ಸರಕಿಗೆ ಕಟ್ಟಿದ್ದ ಮರದ ಚೀಟಿಗಳಲ್ಲಿ ಕ್ಯೋಟೋದ ತೋಫುಕುಜಿ ದೇವಾಲಯದ ಹೆಸರಿದೆ. ಆ ದೇವಾಲಯ 1319ರಲ್ಲಿ ಬೆಂಕಿಗೆ ಸಿಕ್ಕಿತ್ತು, ಮತ್ತೆ ಕಟ್ಟಲು ಹಣ ಬೇಕಿತ್ತು. ಮುಳುಗಿದ್ದು ಒಂದು. ದಡ ಸೇರಿದ ಹಡಗುಗಳು ಎಷ್ಟಿರಬಹುದು ಅಂತ ಯೋಚಿಸಿ.

ಬೇರೆ ದೇಶದ ನಾಣ್ಯ ಹೀಗೆ ನುಗ್ತಿದ್ರೆ ಸರ್ಕಾರ ಸುಮ್ನೆ ಇತ್ತಾ?

ಮೊದಲು ಸುಮ್ಮನಿರಲಿಲ್ಲ. ಆಸ್ಥಾನ ಅಕ್ಕಿ ಮತ್ತು ಬಟ್ಟೆಯಲ್ಲಿ ಬೆಲೆ ನಿಗದಿ ಮಾಡಿತ್ತು. ನಾಣ್ಯ ಬಂದು ಆ ಲೆಕ್ಕವನ್ನೆಲ್ಲ ಕದಡಿತು. 1179ರಲ್ಲಿ ಒಂದು ಕಾಯಿಲೆ ಹಬ್ಬಿದಾಗ ಜನ ಅದಕ್ಕೆ ‘ನಾಣ್ಯದ ರೋಗ’ ಅಂತಲೇ ಹೆಸರಿಟ್ಟರು. 1187ರಲ್ಲೂ 1193ರಲ್ಲೂ ಸೊಂಗ್ ನಾಣ್ಯ ಬಳಸಬಾರದು ಅಂತ ಆಜ್ಞೆ ಹೊರಟಿತು. ಯಾರೂ ಕೇಳಲಿಲ್ಲ.

1226ರಲ್ಲಿ ಕಾಮಾಕುರಾ ಸರ್ಕಾರವೇ ತಿರುಗಿ ಬಿತ್ತು. ಬಟ್ಟೆಯ ಬದಲು ನಾಣ್ಯ ಬಳಸಿ ಅಂತ ಹೇಳಿತು. ಆದರೆ 1239ರಲ್ಲಿ ಅದೇ ಸರ್ಕಾರ ಶಿರಾಕಾವಾ ಗಡಿಯಿಂದ ಆಚೆ, ಈಶಾನ್ಯದ ಮುತ್ಸು ಪ್ರಾಂತ್ಯದ ಕಡೆಗೆ, ನಾಣ್ಯ ಹೋಗಬಾರದು ಅಂದಿತು. ಅಲ್ಲಿನ ರೈತರು ತೆರಿಗೆಗೆ ಒಳ್ಳೆಯ ಬಟ್ಟೆ ನೇಯುವುದನ್ನು ಬಿಟ್ಟು ನಾಣ್ಯ ಕೊಡಲು ಶುರುಮಾಡಿದ್ದರು. ಸರ್ಕಾರಕ್ಕೆ ಬಟ್ಟೆ ಬೇಕಿತ್ತು.

ಹಳ್ಳಿಯವರ ಕೈಗೂ ನಾಣ್ಯ ಬರ್ತಿತ್ತಾ, ಇಲ್ಲ ಬರೀ ಪಟ್ಟಣದವರ ವ್ಯವಹಾರವಾ?

ಬರುತ್ತಿತ್ತು, ಅದೂ ತೆರಿಗೆಯ ದೆಸೆಯಿಂದ. 13ನೇ ಶತಮಾನದ ಕೊನೆಯ ಭಾಗದಿಂದ ಜಹಗೀರಿನ ಕಂದಾಯವನ್ನು ಅಕ್ಕಿಯ ಬದಲು ನಾಣ್ಯದಲ್ಲಿ ಕಟ್ಟುವ ಪದ್ಧತಿ ಬೇಗ ಬೇಗ ಹರಡಿತು. ಕ್ಯೋಟೋದ ಒಡೆಯನಿಗೆ ದೂರದಿಂದ ಅಕ್ಕಿ ಹೊರಿಸುವ ತಾಪತ್ರಯ ಇಲ್ಲ. ಊರಿನವರು ಅಕ್ಕಿಯನ್ನು ಹತ್ತಿರದ ಸಂತೆಯಲ್ಲಿ ಮಾರಿ ನಾಣ್ಯ ಕಳಿಸಿದರಾಯಿತು. ಹಾಗಾಗಿ ಸಂತೆಗಳು ಬೆಳೆದವು. ತಿಂಗಳಿಗೆ ಮೂರು ದಿನ ಸೇರುತ್ತಿದ್ದವು ಕೆಲವೆಡೆ ಆರು ದಿನ ಸೇರತೊಡಗಿದವು.

ಇಪ್ಪೆನ್ ಎಂಬ ಸಂಚಾರಿ ಸನ್ಯಾಸಿಯ ಬದುಕನ್ನು 1299ರಲ್ಲಿ ಸುರುಳಿ ಚಿತ್ರದಲ್ಲಿ ಬರೆದಿದ್ದಾರೆ. ಅದರಲ್ಲಿ ಬಿಜೆನ್ ಪ್ರಾಂತ್ಯದ ಫುಕುವೊಕಾ ಸಂತೆ ಇದೆ. ಹುಲ್ಲು ಹೊದಿಸಿದ ಸಾಲು ಗುಡಿಸಲು, ಬಟ್ಟೆ ಹರಡಿಕೊಂಡು ಕೂತವರು, ಅಕ್ಕಿ, ಮೀನು, ದೊಡ್ಡ ದೊಡ್ಡ ಮಡಕೆ. ಬಟ್ಟೆ ಅಂಗಡಿಯ ಮುಂದೆ ಸರದ ನಾಣ್ಯ. ಹಳ್ಳಿ ಮತ್ತು ಹಣದ ನಂಟು ನೋಡಲು ಇದಕ್ಕಿಂತ ಒಳ್ಳೆಯ ಚಿತ್ರ ನನಗೆ ಗೊತ್ತಿರುವ ಮಟ್ಟಿಗೆ ಬೇರೆ ಇಲ್ಲ.

ಎಲ್ಲಾ ತಾಮ್ರದ ಚಿಲ್ಲರೆನೇ ಆದ್ರೆ ದೊಡ್ಡ ಮೊತ್ತ ಹೊತ್ಕೊಂಡು ಹೋಗೋದು ಹೇಗೆ?

ಸರಿಯಾದ ಪ್ರಶ್ನೆ. ಒಂದು ನಾಣ್ಯ ಮೂರೂವರೆ, ನಾಲ್ಕು ಗ್ರಾಂ. ಹತ್ತು ಕಾನ್ ಅಂದರೆ ಹತ್ತು ಸಾವಿರ ನಾಣ್ಯ, 35ರಿಂದ 40 ಕೆ.ಜಿ. ಬೆಟ್ಟದ ದಾರಿ, ಹೆಜ್ಜೆಗೊಂದು ಸುಂಕದ ಕಟ್ಟೆ, ಮೇಲೆ ಕಳ್ಳರ ಕಾಟ.

ಅದಕ್ಕೆ ಸೈಫು ಎಂಬ ಹುಂಡಿ ಬಂತು. ಬಿತ್ಚು ಪ್ರಾಂತ್ಯದಲ್ಲಿ ನೀಮಿ ಎಂಬ ಜಹಗೀರು ತೋಜಿ ದೇವಾಲಯಕ್ಕೆ ಸೇರಿತ್ತು. ಅಲ್ಲಿನ ಅಧಿಕಾರಿ ಸಂತೆಗೆ ಬಂದ ವ್ಯಾಪಾರಿಗೆ ನಾಣ್ಯ ಕೊಟ್ಟು ಹುಂಡಿ ಪಡೆಯುತ್ತಿದ್ದ. ಅದನ್ನು ಕ್ಯೋಟೋಗೆ ಕಳಿಸುತ್ತಿದ್ದ. ದೇವಾಲಯದವರು ಅಲ್ಲಿನ ಮಂಡಿಯಲ್ಲಿ ಅದನ್ನು ತೋರಿಸಿ ನಾಣ್ಯ ಎಣಿಸಿಕೊಳ್ಳುತ್ತಿದ್ದರು. ಹುಂಡಿಗಳು ಹೆಚ್ಚಾಗಿ ಹತ್ತು ಕಾನ್‌ನವು. ಕೆಲವೊಮ್ಮೆ ಮಂಡಿಯವನು ಹಣ ಕೊಡಲು ಒಪ್ಪುತ್ತಿರಲಿಲ್ಲ. ಆಗ ಹುಂಡಿ ವಾಪಸ್, ಹಿಂದೆಯೇ ಬೈಗುಳದ ಪತ್ರ.

ಸಾಲ ಕೊಡೋರು ಯಾರು? ಬಡ್ಡಿ ಎಷ್ಟು?

ದೋಸೋ ಅಂದರೆ ಮಣ್ಣಿನ ಗೋಡೆಯ ಉಗ್ರಾಣ ಇದ್ದವರು, ಮತ್ತು ಸಾಕೆ ಮದ್ಯ ತಯಾರಿಸುವವರು. ಅಡವು ಇಟ್ಟುಕೊಂಡು ಸಾಲ ಕೊಡುತ್ತಿದ್ದರು. ತಿಂಗಳಿಗೆ ನೂರಕ್ಕೆ ಐದಾರು ಮೋನ್ ಬಡ್ಡಿ ಸಾಮಾನ್ಯ. ಇವರ ಮೇಲೆ ಮುರೊಮಾಚಿ ಸೇನಾಧಿಪತಿ ಅಶಿಕಾಗಾ ಯೊಶಿಮಿತ್ಸು 1393ರಲ್ಲಿ ವರ್ಷಕ್ಕೆ 6,000 ಕಾನ್ ತೆರಿಗೆ ಹಾಕಿದ. ಸರ್ಕಾರದ ಖರ್ಚು ನಡೆಯಲು ಬಡ್ಡಿ ವ್ಯಾಪಾರಿಗಳು ಬೇಕಾದರು.

ಸಾಲ ಕುತ್ತಿಗೆಗೆ ಬಂದಾಗ ಜನ ಎದ್ದರು. 1428ರಲ್ಲಿ ಓಮಿ ಪ್ರಾಂತ್ಯದ ಕುದುರೆ ಸಾಗಣೆಯವರಿಂದ ಶುರುವಾದ ದಂಗೆ ಕ್ಯೋಟೋ, ನಾರಾ ಕಡೆಗೆ ಹಬ್ಬಿತು. ಉಗ್ರಾಣ ಒಡೆದು ಸಾಲದ ಪತ್ರ ಸುಟ್ಟರು. ನಾರಾದ ಯಾಗ್ಯು ಬಳಿ ಜಿಜೋ ದೇವರನ್ನು ಕೆತ್ತಿದ ಬಂಡೆಯ ಮೂಲೆಯಲ್ಲಿ ರೈತರು ಕೊರೆಸಿದ ಸಾಲು ಇವತ್ತಿಗೂ ಇದೆ: ಶೋಚೊ ಮೊದಲ ವರ್ಷಕ್ಕಿಂತ, ಅಂದರೆ 1428ಕ್ಕಿಂತ ಹಿಂದಿನ ಯಾವ ಸಾಲವೂ ಕಾನ್ಬೆಯ ನಾಲ್ಕು ಊರುಗಳಲ್ಲಿ ಇಲ್ಲ. ಕಾಗದವನ್ನು ನಂಬದೆ ಕಲ್ಲಿನಲ್ಲಿ ಬರೆಸಿದರು.

## ತಯಾರಿಕೆ, ಕಳ್ಳ ನಾಣ್ಯ, ಆಯ್ಕೆ

ಹಾಗಾದ್ರೆ ಜಪಾನಿನಲ್ಲಿ ಯಾರೂ ನಾಣ್ಯ ಮಾಡ್ಲೇ ಇಲ್ವಾ?

ಸರ್ಕಾರ ಮಾಡಲಿಲ್ಲ, ಜನ ಮಾಡಿದರು. ಕ್ಯೋಟೋ, ಕಾಮಾಕುರಾ, ಹಕಾತಾ, ಸಕಾಯಿಗಳಲ್ಲಿ ನೆಲ ಅಗೆದಾಗ ನಾಣ್ಯದ ಮಣ್ಣಿನ ಅಚ್ಚುಗಳು ಸಿಕ್ಕಿವೆ. ಸಕಾಯಿಯಲ್ಲಿ ಸಿಕ್ಕ 16ನೇ ಶತಮಾನದ ಅಚ್ಚುಗಳಲ್ಲಿ ಅಕ್ಷರವೇ ಇಲ್ಲದವು ಬೇಕಾದಷ್ಟಿವೆ. ಅಂದರೆ ತೂತಿರುವ ಬೋಳು ತಾಮ್ರದ ಬಿಲ್ಲೆಯೂ ಹಣವಾಗಿ ನಡೆಯುತ್ತಿತ್ತು.

ಕೆಲಸ ಹೀಗೆ. ಒಳ್ಳೆಯ ಚೀನೀ ನಾಣ್ಯವೊಂದನ್ನು ನಯವಾದ ಜೇಡಿಮಣ್ಣಿಗೆ ಒತ್ತುತ್ತಾರೆ. ಒತ್ತಿದ ಗುರುತುಗಳ ನಡುವೆ ಲೋಹ ಹರಿಯಲು ಒಂದು ಉದ್ದ ಕಾಲುವೆ, ಅದರಿಂದ ಪ್ರತಿ ನಾಣ್ಯಕ್ಕೂ ಸಣ್ಣ ಕವಲು. ಎರಡು ಹೋಳು ಅಚ್ಚನ್ನು ಮುಖಾಮುಖಿ ಕೂಡಿಸಿ ಕಟ್ಟಿ ಕಾಯಿಸಿ ಕರಗಿದ ಲೋಹ ಹೊಯ್ಯುತ್ತಾರೆ. ಆರಿದ ಮೇಲೆ ಒಡೆದರೆ ಕೊಂಬೆಯಲ್ಲಿ ಕಾಯಿ ಬಿಟ್ಟ ಹಾಗೆ ನಾಣ್ಯಗಳು. ಮುರಿದು ಅರ ಹಾಕಿದರೆ ಮುಗಿಯಿತು. ಇಂಥ ಕೊಂಬೆ ನಾಣ್ಯಗಳ ತುಂಡು ಅಸುಕಾಯಿಕೆಯಲ್ಲೂ ಸಿಕ್ಕಿವೆ, ಆದ್ದರಿಂದ ಕಸುಬು ಬಹಳ ಹಳೆಯದು.

ಚೀನಾದ ಅಸಲಿ ಯಾವುದು, ಜಪಾನಿನ ನಕಲು ಯಾವುದು ಅಂತ ಗುರುತಿಸೋದು ಹೇಗೆ?

ಲೋಹ ಆರುವಾಗ ಸ್ವಲ್ಪ ಕುಗ್ಗುತ್ತದೆ. ನಕಲು ಅಸಲಿಗಿಂತ ಒಂಚೂರು ಸಣ್ಣದು, ನಕಲಿನ ನಕಲು ಇನ್ನೂ ಸಣ್ಣದು. ಅಕ್ಷರದ ಅಂಚು ಮಸುಕಾಗಿ ಕೂಡಿಕೊಂಡಿರುತ್ತದೆ, ತೂಕ ಕಮ್ಮಿ. ಅಸಲಿಯ ಅಡ್ಡಳತೆ ಸುಮಾರು 24 ಮಿ.ಮೀ. ಇದರ ಜೊತೆ ಪ್ರಯೋಗಾಲಯದಲ್ಲಿ ಸೀಸದ ಸಮಸ್ಥಾನಿಗಳನ್ನು, ಅಂದರೆ ಅದರಲ್ಲಿರುವ ಬೇರೆ ಬೇರೆ ತೂಕದ ಪರಮಾಣುಗಳ ಪ್ರಮಾಣವನ್ನು ಅಳೆಯುತ್ತಾರೆ. ಜಪಾನಿನ ಗಣಿಗಳ ಸೀಸಕ್ಕೂ ಚೀನಾದ ಸೀಸಕ್ಕೂ ಅದರಲ್ಲಿ ವ್ಯತ್ಯಾಸ ಇದೆ. ಆದರೆ ಚೀನಾದಲ್ಲೇ ಕದ್ದು ಎರಕ ಹೊಯ್ದು ಕಳಿಸಿದ ನಕಲಿಗಳೂ ಬಹಳ ಇದ್ದವು. ಹಾಗಾಗಿ ಕಳಪೆ ಕಂಡ ತಕ್ಷಣ ಜಪಾನಿನದು ಅಂತ ಹೇಳಿಬಿಡಬಾರದು.

ಕಳಪೆ ನಾಣ್ಯ ತಗೊಳ್ಳಲ್ಲ ಅಂತ ಜನ ಗಲಾಟೆ ಮಾಡ್ತಿರಲಿಲ್ವಾ?

ದಿನಾ ಮಾಡುತ್ತಿದ್ದರು. ಒಳ್ಳೆಯದನ್ನು ಆರಿಸಿ ಕೆಟ್ಟದ್ದನ್ನು ತಳ್ಳುವ ಈ ರೂಢಿಗೆ ಎರಿಜೆನಿ ಅಂತ ಹೆಸರು. 15ನೇ ಶತಮಾನದ ಕೊನೆಗೆ ಅದು ಎಷ್ಟು ಮಿತಿಮೀರಿತು ಅಂದರೆ ಕಾನೂನೇ ಬೇಕಾಯಿತು. ಉಳಿದಿರುವ ಕಾನೂನುಗಳಲ್ಲಿ ಹಳೆಯದು ಪಶ್ಚಿಮದ ಓಉಚಿ ಮನೆತನದ್ದು, 1485ರದು. ಅದು ಮೂರು ಬಗೆಯನ್ನು ಮಾತ್ರ ತಳ್ಳಬಹುದು ಅನ್ನುತ್ತದೆ: ಸಕಾಯಿ ನಾಣ್ಯ, ಮಿಂಗ್ ದೊರೆ ಹೊಂಗ್ವು ಕಾಲದ ನಾಣ್ಯ, ಬಡಿದು ಚಪ್ಪಟೆ ಮಾಡಿದ್ದು. ಇನ್ನೊಬ್ಬ ಮಿಂಗ್ ದೊರೆ ಯೊಂಗ್ಲ ಕಾಲದ ನಾಣ್ಯವನ್ನು ವ್ಯಾಪಾರದಲ್ಲಿ ತಳ್ಳುವ ಹಾಗಿಲ್ಲ. ಮನೆತನಕ್ಕೆ ಕಟ್ಟುವ ತೆರಿಗೆಯಲ್ಲಿ ಮಾತ್ರ ಅದಕ್ಕೆ ಮಿತಿ ಇತ್ತು. ನೀವು ತಗೊಳ್ಳಿ, ನಮಗೆ ಮಾತ್ರ ಒಳ್ಳೆಯದನ್ನು ಕೊಡಿ ಅನ್ನುವ ಧೋರಣೆ ಇದರಲ್ಲಿ ಕಾಣುತ್ತದೆ. ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ.

ಮುರೊಮಾಚಿ ಸರ್ಕಾರ 1500ರಿಂದ ಇಂಥ ಆಜ್ಞೆಗಳನ್ನು ಹೊರಡಿಸುತ್ತಲೇ ಹೋಯಿತು. 1569ರಲ್ಲಿ, ಆಗ ಕ್ಯೋಟೋ ಹಿಡಿದಿದ್ದ ದೊರೆ ಓಡಾ ನೊಬುನಾಗಾ ಬೇರೆ ದಾರಿ ಹಿಡಿದ. ಕೆಟ್ಟ ನಾಣ್ಯ ಬೇಡ ಅನ್ನಲಿಲ್ಲ, ಅದಕ್ಕೊಂದು ದರ ಕಟ್ಟಿದ. ಬೆಂಕಿಯಲ್ಲಿ ಬೆಂದದ್ದು ಎರಡಕ್ಕೆ ಒಂದು, ಒಡೆದದ್ದು ಮತ್ತು ಸವೆದದ್ದು ಐದಕ್ಕೆ ಒಂದು, ಚಪ್ಪಟೆ ಬಡಿದದ್ದು ಹತ್ತಕ್ಕೆ ಒಂದು. ಜೊತೆಗೆ ಅಕ್ಕಿಯನ್ನು ಹಣದ ಹಾಗೆ ಬಳಸಬಾರದು ಅಂದ. ನಿಷೇಧಿಸಬೇಕಾಯಿತು ಅಂದರೆ ಜನ ಆಗಲೇ ಅಕ್ಕಿಗೆ ಮರಳುತ್ತಿದ್ದರು.

ಇಷ್ಟೆಲ್ಲ ಫಜೀತಿ ಪಡೋ ಬದಲು ಸ್ವಂತ ಟಂಕಸಾಲೆ ಯಾಕೆ ತೆರೀಲಿಲ್ಲ?

ಒಬ್ಬ ಹೊರಟಿದ್ದ. 1334ರಲ್ಲಿ ಚಕ್ರವರ್ತಿ ಗೋ-ದೈಗೊ ಕೆಂಕೊನ್ ತ್ಸೂಹೋ ಎಂಬ ನಾಣ್ಯವನ್ನೂ ಕಾಗದದ ಹಣವನ್ನೂ ಹೊರಡಿಸುವ ಆಜ್ಞೆ ಮಾಡಿದ. ಎರಡು ವರ್ಷದೊಳಗೆ ಅವನ ಸರ್ಕಾರವೇ ಬಿತ್ತು. ಆ ನಾಣ್ಯ ಒಂದೂ ಸಿಕ್ಕಿಲ್ಲ.

ತಾಮ್ರ ಇರಲಿಲ್ಲ ಅನ್ನುವ ಉತ್ತರ ಸಾಲದು. 15ನೇ ಶತಮಾನದಲ್ಲಿ ಜಪಾನಿನ ಹಡಗುಗಳು ಮಿಂಗ್ ಚೀನಾಕ್ಕೆ ತಾಮ್ರ ಹೊತ್ತು ಹೋಗಿ ತಾಮ್ರದ ನಾಣ್ಯ ಹೊತ್ತು ಬರುತ್ತಿದ್ದವು! ಯೊಶಿಮಿತ್ಸುವಿನ ಮೊಮ್ಮಗ ಯೊಶಿಮಾಸನಂತೂ ಮಿಂಗ್ ದೊರೆಗೆ ನಾಣ್ಯ ಕಳಿಸಿ ಅಂತ ನೇರವಾಗಿಯೇ ಬರೆದ. ನನಗೆ ಕಾಣುವ ಕಾರಣ ಬೇರೆ. ಅಧಿಕಾರ ಆಸ್ಥಾನ, ಸೇನಾಧಿಪತಿ, ದೇವಾಲಯ, ಪ್ರಾಂತ್ಯದ ದೊರೆಗಳ ನಡುವೆ ಹಂಚಿಹೋಗಿತ್ತು. ಒಬ್ಬರು ಹೊಯ್ದ ನಾಣ್ಯವನ್ನು ಇನ್ನೊಬ್ಬರ ಸೀಮೆಯಲ್ಲಿ ಯಾಕೆ ತಗೋಬೇಕು? ಚೀನಾದ ಹಳೇ ನಾಣ್ಯ ಯಾರ ಪಕ್ಷದ್ದೂ ಅಲ್ಲ. ಎಲ್ಲರೂ ತಗೊಳ್ಳುತ್ತಿದ್ದರು, ಸಿದ್ಧವಾಗಿ ಸಿಗುತ್ತಿತ್ತು.

## ಇನ್ನೂ ಆಳಕ್ಕೆ

ಲಕ್ಷಗಟ್ಟಲೆ ನಾಣ್ಯ ನೆಲದಲ್ಲಿ ಯಾಕೆ ಹೂತಿಟ್ರು?

ಹೊಕ್ಕೈಡೋದ ಹಕೊದಾತೆ ಬಳಿ, ಶಿನೊರಿಯಲ್ಲಿ, 1968ರಲ್ಲಿ ರಸ್ತೆ ಕೆಲಸದ ವೇಳೆ ಮೂರು ದೊಡ್ಡ ಹಂಡೆಯಂಥ ಮಡಕೆಗಳು ಸಿಕ್ಕವು. ಒಳಗೆ 3 ಲಕ್ಷ 74 ಸಾವಿರಕ್ಕೂ ಜಾಸ್ತಿ ನಾಣ್ಯ. ಮಾಯೆಬಾಶಿಯಲ್ಲಿ 2023ರಲ್ಲಿ ಸುಮಾರು ಒಂದು ಲಕ್ಷ ಸಿಕ್ಕಿತು, ಹುಲ್ಲಿನ ಹಗ್ಗದ ಸರಗಳು ಹಾಗೇ ಇದ್ದವು. ಅದರಲ್ಲಿ ಕ್ರಿಸ್ತಪೂರ್ವ 175ರಷ್ಟು ಹಳೆಯ ಚೀನೀ ನಾಣ್ಯವೂ ಇತ್ತು. ಸಾವಿರದೈನೂರು ವರ್ಷ ಹಳೆಯದೂ ಹೊಸದೂ ಒಂದೇ ಸರದಲ್ಲಿ, ಎರಡಕ್ಕೂ ಒಂದೇ ಮೋನ್ ಬೆಲೆ.

ಕಾರಣದ ಬಗ್ಗೆ ವಿದ್ವಾಂಸರಲ್ಲಿ ಜಗಳ ಇದೆ. ಯುದ್ಧಕ್ಕೆ ಹೆದರಿ ಬಚ್ಚಿಟ್ಟ ಖಜಾನೆ ಅಂತ ಕೆಲವರು. ನೆಲದ ದೇವರಿಗೆ ಅರ್ಪಿಸಿದ್ದು ಅಂತ ಇನ್ನು ಕೆಲವರು. ಸರ ಮಾಡಿ ಅಚ್ಚುಕಟ್ಟಾಗಿ ಮಡಕೆಯಲ್ಲಿ ಜೋಡಿಸಿಟ್ಟದ್ದು ನೋಡಿದರೆ ಮತ್ತೆ ತೆಗೆಯುವ ಉದ್ದೇಶ ಇತ್ತು ಅನ್ನುವ ಕಡೆಗೇ ನನ್ನ ಒಲವು.

ನಾಣ್ಯಕ್ಕೆ ಹಣ ಬಿಟ್ಟು ಬೇರೆ ಉಪಯೋಗ ಇತ್ತಾ?

ಇತ್ತು. ಸತ್ತವರು ಸಾಂಜು ನದಿ ದಾಟಲು ಆರು ನಾಣ್ಯ ಬೇಕು ಅಂತ ನಂಬಿಕೆ. ಗೋರಿಗಳಲ್ಲಿ ಅವು ಸಿಗುತ್ತವೆ. ಸನಾದಾ ಮನೆತನದ ಲಾಂಛನವೂ ಆರು ನಾಣ್ಯವೇ. ಕರಗಿಸಿ ಬಳಸುವುದೂ ಇತ್ತು. 1252ರಲ್ಲಿ ಎರಕಕ್ಕೆ ತೊಡಗಿದ ಕಾಮಾಕುರಾದ ದೊಡ್ಡ ಬುದ್ಧನ ಲೋಹವನ್ನು ಪರೀಕ್ಷಿಸಿದವರು ಅದು ಸೊಂಗ್ ನಾಣ್ಯಗಳದ್ದೇ ಇರಬೇಕು ಅನ್ನುತ್ತಾರೆ.

ಭಾರತಕ್ಕೂ ಇದಕ್ಕೂ ಏನಾದ್ರೂ ನಂಟು ಇದೆಯಾ?

ಅದೇ ಸೊಂಗ್ ನಾಣ್ಯಗಳ ರಾಶಿ ತಮಿಳುನಾಡಿನ ತಂಜಾವೂರು ಸೀಮೆಯಲ್ಲೂ ಸಿಕ್ಕಿದೆ. ಆದರೆ ಇಲ್ಲಿ ಅದು ಸಂತೆಯ ಹಣವಾಗಿ ಬೇರೂರಲಿಲ್ಲ. ನಮ್ಮ ಶಾಸನಗಳಲ್ಲಿ ಗದ್ಯಾಣ, ಹಣ, ಹಾಗ, ವೀಸ ಅಂತ ಇಲ್ಲಿನದೇ ಲೆಕ್ಕ ಇತ್ತು. ಚೀನಾದ ತಾಮ್ರಕ್ಕೆ ಇಲ್ಲಿ ಜಾಗ ಇರಲಿಲ್ಲ.

ಕೊನೆಗೆ ಚೀನಾದ ನಾಣ್ಯ ಹೋಗಿದ್ದು ಯಾವಾಗ?

ಒಂದೇ ದಿನದಲ್ಲಿ ಹೋಗಲಿಲ್ಲ. 1560ರ ದಶಕದ ಕೊನೆಗೆ ಚೀನಾದಿಂದ ಬರುವುದು ನಿಂತಿತು. 1570ರ ಸುಮಾರಿಗೆ ಪಶ್ಚಿಮ ಜಪಾನಿನ ಜಮೀನು ಪತ್ರಗಳಲ್ಲಿ ಬೆಲೆ ನಾಣ್ಯದಿಂದ ಅಕ್ಕಿಗೆ ಬದಲಾಗುತ್ತದೆ. ನೊಬುನಾಗಾನ ನಂತರ ಜಪಾನನ್ನು ಒಂದುಗೂಡಿಸಿದ ಹಿದೆಯೊಶಿಯ ಭೂಮಾಪನವೂ ಜಮೀನನ್ನು ಅಕ್ಕಿಯಲ್ಲೇ ಅಳೆಯಿತು. ಅಷ್ಟರಲ್ಲಿ ಬೆಳ್ಳಿ ಬಂದಿತ್ತು. ಹಕಾತಾದ ವ್ಯಾಪಾರಿ ಕಾಮಿಯಾ ಜುತೆ 1526ರಲ್ಲಿ ಇವಾಮಿ ಗಣಿ ಶುರುಮಾಡಿದ. 1533ರಲ್ಲಿ ಅಲ್ಲಿ ಸೀಸ ಬಳಸಿ ಬೆಳ್ಳಿ ಬೇರ್ಪಡಿಸುವ ವಿದ್ಯೆ ಬಂತು. ದೊಡ್ಡ ವ್ಯವಹಾರ ಬೆಳ್ಳಿಗೆ ಹೋಯಿತು. ಪೂರ್ವದ ಕಾಂತೋದಲ್ಲಿ ಮಾತ್ರ ಯೊಂಗ್ಲ ನಾಣ್ಯಕ್ಕೆ ವಿಪರೀತ ಮರ್ಯಾದೆ. ನಾಲ್ಕು ಕಳಪೆ ನಾಣ್ಯಕ್ಕೆ ಅದೊಂದು ಸಮ. 1608ರಲ್ಲಿ, ಹಿದೆಯೊಶಿಯ ನಂತರ ದೇಶ ಆಳಿದ ತೊಕುಗಾವಾ ಸರ್ಕಾರ ಅದರ ಚಲಾವಣೆ ನಿಲ್ಲಿಸಿತು. 1636ರಲ್ಲಿ ಎದೋದಲ್ಲೂ (ಈಗಿನ ಟೋಕಿಯೊ) ಓಮಿಯ ಸಕಾಮೊತೊದಲ್ಲೂ ಕಾನ್‌ಯೇ ತ್ಸೂಹೋ ನಾಣ್ಯದ ಎರಕ ಶುರುವಾಯಿತು. ಅದು ಎಲ್ಲ ಕಡೆ ಸಾಕಾಗುವಷ್ಟು ಹರಡಿದ ಮೇಲೆ, 1670ರಲ್ಲಿ, ಹಳೇ ನಾಣ್ಯಗಳ ಬಳಕೆಯನ್ನು ಪೂರ್ತಿ ನಿಷೇಧಿಸಿದರು.